ರಾಕೆಟ್ಟಿನ ಕುತ್ತಿಗೆಗೆ ಕಟ್ಟಿದ ದಾರ

ಮೊನ್ನೆ ಪಕ್ಕದ ಬೀದಿಯಲ್ಲಿ ಯಾರದೋ ಗೃಹಪ್ರವೇಶ. ಬೆಳಗ್ಗೆಯೇ ಪಟಾಕಿ ಹಚ್ಚಿದರು. ಸದ್ದಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಗಾಳಿಯಲ್ಲಿ ಬಂತಲ್ಲ, ಸುಟ್ಟ ಮದ್ದು, ಸುಟ್ಟ ರಟ್ಟಿನ ವಾಸನೆ... ಹೊಲಿಗೆ ಮಷೀನು ತುಳಿಯುತ್ತಿದ್ದ ಕಾಲು ಅಲ್ಲೇ ನಿಂತಿತು. ತಿಪಟೂರಿನವರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ಮಾತ್ರ ಅದು ಮೇಡಂ ವಾಸನೆ.

ಮೇಡಂ ನಮ್ಮ ಎದುರು ಮನೆಯವರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ಮದುವೆ ಆಗಿರಲಿಲ್ಲ, ಆಗಲಿಲ್ಲವೆಂಬ ಕೊರಗೂ ಇರಲಿಲ್ಲ. ಗಂಟಲು ಹೇಗಿತ್ತೆಂದರೆ ಅವರು ಹಾಲಿನವನಿಗೆ ಬೈದರೆ ನಮ್ಮನೆಯ ಹಾಲು ಗಟ್ಟಿಯಾಗಿ ಬರುತ್ತಿತ್ತು. ರಿಟೈರ್ ಆದ ಮೇಲೆ ಈ ಹೆಂಗಸು ಇನ್ನು ಭಜನೆಗೆ ಬಂದು ಕೂರುತ್ತಾಳೆ ಅಂತ ಬೀದಿಯೆಲ್ಲ ಕಾಯುತ್ತಿತ್ತು. ಅವರು ರಾಕೆಟ್ ಕ್ಲಬ್ ಶುರುಮಾಡಿದರು! ಹೈಸ್ಕೂಲು ಓದುವ ಹೆಣ್ಣುಮಕ್ಕಳನ್ನೇ ಸೇರಿಸಿಕೊಂಡು, ಆಟಿಕೆಯಷ್ಟೇ ಚಿಕ್ಕದಾದರೂ ನಿಜವಾಗಿ ಹಾರುವ ರಾಕೆಟ್ಟುಗಳನ್ನು ಮಾಡಿಸುವ ಕ್ಲಬ್ಬು.

ಮದ್ದು ತುಂಬಿದ ಮೋಟಾರು ಮಾತ್ರ ಹೊರಗಿನಿಂದ ಬರುತ್ತಿತ್ತು, ಅದನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ. ಉಳಿದದ್ದೆಲ್ಲ ಕೈಕೆಲಸ. ಲಟ್ಟಣಿಗೆಗೆ ದಪ್ಪ ಕಾಗದ ಸುತ್ತಿ ಕೊಳವೆ, ಅದರ ತುದಿಗೆ ಮರದ ಮೂತಿ, ಒಳಗೆ ಮಡಿಸಿಟ್ಟ ಪ್ಯಾರಾಚೂಟು. ಹಳೇ ಛತ್ರಿ ಬಟ್ಟೆಯಲ್ಲಿ ಆ ಪ್ಯಾರಾಚೂಟು ಹೊಲಿದುಕೊಡುವುದು ನನ್ನ ಪಾಲಿನ ಕೆಲಸ. ಮೇಲೆ ಹೋದ ಮೇಲೆ ಮೂತಿ ತಾನಾಗಿ ಕಳಚಿಕೊಳ್ಳಬೇಕು, ಪ್ಯಾರಾಚೂಟು ಬಿಚ್ಚಿಕೊಳ್ಳಬೇಕು, ಆಗ ಅದು ಮೆತ್ತಗೆ ಇಳಿಯುತ್ತದೆ. ಮೂತಿ ಸಡಿಲವಾಗಿ ಕೂತಿದೆಯೋ ಇಲ್ಲವೋ ಅಂತ ಮೇಡಂ ಎಷ್ಟು ಸಲ ನೋಡುತ್ತಿದ್ದರೋ... ಹುಡುಗಿಯರು ಹಿಂದಿನಿಂದ ಅಣಕಿಸುತ್ತಿದ್ದರು.

ಕ್ಲಬ್ಬಿಗೆ ಒಬ್ಬ ಅಧ್ಯಕ್ಷ ಇದ್ದ. ಅವನಿಗೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ, ಕ್ಷಮಿಸಿ. ಕೊಬ್ಬರಿ ಮಂಡಿಯವನು. ತನ್ನ ಗೋಡೌನಿನ ಮೇಲಿನ ಅಟ್ಟವನ್ನು ಬಿಟ್ಟಿ ಕೊಟ್ಟಿದ್ದ, ಅದಕ್ಕೇ ಅಧ್ಯಕ್ಷ. ಬೇರೆ ಜಾಗ ಊರಲ್ಲಿ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಮೇಡಂ ಎಲ್ಲರಿಗೂ ಬೈಯುತ್ತಿದ್ದರು, ಅವನಿಗೊಬ್ಬನಿಗೆ ಬೈಯುತ್ತಿರಲಿಲ್ಲ.

ಆ ವರ್ಷ ಊರಿನ ಕಲ್ಯಾಣ ಮಂಟಪದಲ್ಲಿ ಹವ್ಯಾಸಗಳ ಪ್ರದರ್ಶನ ಇಟ್ಟಿದ್ದರು. ಅಂಚೆಚೀಟಿಯವರು, ಹಳೇ ನಾಣ್ಯದವರು, ಮೀನಿನ ತೊಟ್ಟಿಯವರು, ಕರಟದಲ್ಲಿ ಆಮೆ ಮಾಡುವವರು, ಅವರ ನಡುವೆ ನಮ್ಮದೂ ಒಂದು ಮಳಿಗೆ. ಕೆಲವು ಮನೆಗಳಲ್ಲಿ ಆಗಲೇ ಗೊಣಗಾಟ ಶುರುವಾಗಿತ್ತು, ಹೆಣ್ಣುಮಕ್ಕಳಿಗೆ ಯಾಕೆ ಈ ಮದ್ದುಗುಂಡಿನ ಸಹವಾಸ ಅಂತ. ಸಂಜೆ ಎಲ್ಲರೆದುರಿಗೆ ಒಂದು ರಾಕೆಟ್ಟು ಹಾರಿಸಿ ಮೆತ್ತಗೆ ಇಳಿಸಿ ತೋರಿಸಿದರೆ ಅಪ್ಪಂದಿರ ಬಾಯಿ ಮುಚ್ಚುತ್ತದೆ, ಕ್ಲಬ್ಬು ಉಳಿಯುತ್ತದೆ. ಮೇಡಂ ಲೆಕ್ಕಾಚಾರ ಅಷ್ಟೇ ಇತ್ತು.

ಬೆಳಗ್ಗೆ ಎಷ್ಟು ಚೆನ್ನಾಗಿತ್ತು! ಬಂದವರೆಲ್ಲ ದೀಪಾವಳಿಗೆ ಇದು ಸಿಗುತ್ತಾ ಅಂತ ಕೇಳುವವರೇ. ಬಿಳಿಗೆರೆ ಕಡೆಯ ತೋಟದವರೊಬ್ಬರು ಉದ್ದದ ರಾಕೆಟ್ಟೊಂದನ್ನು ಕೈಲಿ ತೂಗಿ ನೋಡಿ, "ಏನ್ ಮೇಡಂ, ಇದ್ರಲ್ಲಿ ಎಳ್ನೀರು ಕೆಡವ್ಬೋದಾ?" ಅಂದರು.

"ಕೆಡವ್ಬೋದು ಕಣಪ್ಪ. ಕೆಳಗಡೆ ನೀನೇ ನಿಂತ್ಕೊಬೇಕು ಅಷ್ಟೇಯ."

ಮಧ್ಯಾಹ್ನ ಅಧ್ಯಕ್ಷನ ತಾಯಿ ಬಂದರು. ವಯಸ್ಸಾದ ಜೀವ, ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಜೆ ಹಾರಿಸಬೇಕಾಗಿದ್ದ ರಾಕೆಟ್ಟಿಗೆ ಕುಂಕುಮ ಇಟ್ಟರು, ಹೂವು ಮುಡಿಸಿದರು. ಆಮೇಲೆ ಸೆರಗಿನಿಂದ ಅರಿಶಿನದ ದಾರ ತೆಗೆದು, ಕಲಶಕ್ಕೆ ಸುತ್ತುವ ಹಾಗೆ, ಮೂತಿ ಮತ್ತು ಕೊಳವೆ ಸೇರುವ ಜಾಗಕ್ಕೇ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಅವರ ಕಣ್ಣಿಗೆ ಕೊಳವೆ ಕಲಶವಾಗಿತ್ತು, ಮೂತಿ ಅದರ ಮೇಲಿನ ತೆಂಗಿನಕಾಯಿ.

"ಅಲ್ಲಿ ಬ್ಯಾಡಿ ಅಮ್ಮ, ಅದು ಬಿಚ್ಕೊಬೇಕು," ಅಂದರು ಮೇಡಂ.

"ಕುತ್ತಿಗೆಗೆ ಕಟ್ದೆ ಇನ್ನೆಲ್ಲಿಗೆ ಕಟ್ತಾರೆ ಕಣವ್ವ?" ಅಂತ ನಕ್ಕು ಅವರು ಹೊರಟುಹೋದರು.

ಮೇಡಂ ನನ್ನ ಕತ್ತರಿ ಕೇಳಿದರು. ನಾನು ಕೊಡುವಷ್ಟರಲ್ಲಿ ಅಧ್ಯಕ್ಷ ಅಡ್ಡ ಬಂದ. "ನಮ್ಮವ್ವ ಕಟ್ಟಿದ ದೇವರ ದಾರಕ್ಕೆ ಕತ್ತರಿ ಹಾಕ್ತೀರಾ ಮೇಡಂ? ಇವತ್ತಿನ ದಿನ?" ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಕತ್ತರಿ ಕೆಳಗಿಟ್ಟರು. "ಆಯ್ತು, ಇದು ಇಲ್ಲೇ ಮೇಜಿನ ಮೇಲೆ ಇರ್ಲಿ. ಇದನ್ನ ಹಾರಿಸ್ಬೇಡಿ. ಬೇರೇದು ಹಾರಿಸಾಣ," ಅಂತ ಅವನಿಗೆ ಎದುರೆದುರೇ, ನನ್ನ ಕಿವಿಗೆ ಕೇಳುವ ಹಾಗೆ ಹೇಳಿದರು. ಅವನೂ ತಲೆಯಾಡಿಸಿದ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಸಂಜೆ ಮಂಟಪದ ಹಿಂದಿನ ಬಯಲಿನಲ್ಲಿ ಜನವೋ ಜನ. ಜನ ಮುಂದೆ ನುಗ್ಗದ ಹಾಗೆ ಮೇಡಂ, ನಾನು, ಹುಡುಗಿಯರು ಹಗ್ಗ ಹಿಡಿದು ದೂರದಲ್ಲಿ ನಿಂತಿದ್ದೆವು. ಮೇಡಂ ತಯಾರು ಮಾಡಿ ನಿಲ್ಲಿಸಿದ್ದ ರಾಕೆಟ್ಟನ್ನು ಹಾರಿಸುವ ಕಂಬಿಯಿಂದ ತೆಗೆದು, ತಾಯಿ ಪೂಜೆ ಮಾಡಿದ್ದೇ ಮೊದಲು ಹೋಗಲಿ ಅಂತ, ಆ ಪುಣ್ಯಾತ್ಮ ಅಧ್ಯಕ್ಷ ಅದರ ಮೋಟಾರನ್ನು ದಾರದ ರಾಕೆಟ್ಟಿಗೆ ಹಾಕಿ ನಿಲ್ಲಿಸಿದ್ದ. ಇದು ತಿಳಿದದ್ದು ಆಮೇಲೆ; ಜನರ ಕಡೆ ಮುಖ ಮಾಡಿ ನಿಂತಿದ್ದ ನಮಗೆ ತಿರುಗಿದಾಗ ಕಂಡದ್ದು ಮುಖ್ಯ ಅತಿಥಿ ಗುಂಡಿ ಒತ್ತಿದ್ದು ಮಾತ್ರ. ಮೇಲೇರುವಾಗ ಹಳದಿ ದಾರ ಮಿಂಚಿತು. ಮೇಡಂ ನನ್ನ ರಟ್ಟೆ ಹಿಡಿದುಕೊಂಡರು.

ಅದು ನೆಟ್ಟಗೇ ಹೋಯಿತು. ಜನ ಕೇಕೆ ಹಾಕಿದರು. ಮೂತಿಯನ್ನು ಹೊರಗೆ ತಳ್ಳುವ ಮದ್ದು ಮೇಲೆ ಟಪ್ ಅಂತ ಸದ್ದೂ ಮಾಡಿತು. ಮೂತಿ ಮಾತ್ರ ಕಳಚಲಿಲ್ಲ. ತಲೆಕೆಳಗಾಗಿ ಬಂದು, ಶಾಮಿಯಾನ ಹರಿದುಕೊಂಡು, ಕೆಳಗೆ ಕೂತಿದ್ದ ಒಬ್ಬ ಹೆಂಗಸಿನ ಹೆಗಲಿಗೆ ಬಿತ್ತು. ಎಲುಬು ಬಿರುಕು ಬಿಟ್ಟಿತ್ತು ಅಂತ ಆಮೇಲೆ ತಿಳಿಯಿತು. ಆ ಕೂಗಾಟ, ಕುರ್ಚಿಗಳು ಬಿದ್ದದ್ದು...

ಮುರಿದ ರಾಕೆಟ್ಟನ್ನು ಎತ್ತಿಕೊಂಡವಳು ನಾನೇ. ಕುತ್ತಿಗೆಯಲ್ಲಿ ದಾರ ಹಾಗೇ ಇತ್ತು, ಗಂಟು ಕೂಡ ಸಡಿಲವಾಗಿರಲಿಲ್ಲ. ಅಧ್ಯಕ್ಷನ ಮುಖದ ಮುಂದೆ ಹಿಡಿದೆ. ಅವನು ಮೆಲ್ಲಗೆ ಗಂಟು ಬಿಚ್ಚಿ ದಾರವನ್ನು ಜೇಬಿಗೆ ಹಾಕಿಕೊಂಡ. "ದೇವರ ದಾರ, ತುಳಿದಾಡಬಾರದು," ಅಂದ. ಅಯ್ಯೋ ಭಂಡ!

ಇದಕ್ಕೆಲ್ಲ ಯಾರು ಜವಾಬ್ದಾರರು ಅಂತ ಪೊಲೀಸರು ಕೇಳಿದಾಗ ಮೇಡಂ, "ನಾನು. ನನ್ನ ತಪ್ಪು," ಅಂದರು. ಮನೆಗೆ ಬರುತ್ತಾ ದಾರಿಯಲ್ಲೇ ಜಗಳ ತೆಗೆದೆ.

"ಬುದ್ಧಿ ಗಿದ್ದಿ ಐತಾ ನಿಮಗೆ? ಯಾರೋ ಮಾಡಿದ್ದನ್ನ ನೀವ್ಯಾಕೆ ಹೊತ್ಕೊತೀರಾ?"

"ಅರಚಬ್ಯಾಡ ಕಣೇ. ದೇವರ ದಾರದಿಂದ ಹಿಂಗಾಯ್ತು ಅಂದ್ರೆ ನಾಳೆಯಿಂದ ಒಬ್ಬಳನ್ನೂ ಅವರಪ್ಪ ಕಳ್ಸಲ್ಲ. ಇವನೂ ಅಟ್ಟ ಕಿತ್ಕೊತಾನೆ. ಮುದುಕಿ ತಪ್ಪು ಅಂತ ಆಡ್ಕೊಂಡ್ರೆ ಆಯಮ್ಮ ಎದೆ ಒಡ್ಕೊಂಡು ಸಾಯ್ತಾಳೆ. ನಾನು ಬಿಟ್ಟು ಹೋದ್ರೆ ಕ್ಲಬ್ಬು ನಡೆಸ್ತೀನಿ ಅಂತ ಮಾತು ಕೊಟ್ಟವನೆ. ಹುಡುಗೀರಿಗೆ ಜಾಗ ಉಳೀಲಿ ಬುಡು. ನೀನೂ ಬಾಯಿ ಬಿಡಬ್ಯಾಡ."

ಮೇಡಂ ಕ್ಲಬ್ಬು ಬಿಟ್ಟರು. ಅವನು ನಡೆಸಿದನೇ? ಎಲ್ಲಿಯ ಮಾತು! ಮುಂದಿನ ಕೊಯ್ಲಿಗೇ ಅಟ್ಟದ ತುಂಬ ಕೊಬ್ಬರಿಯಾಗಲು ತೆಂಗಿನಕಾಯಿ ಹಾಕಿಸಿ ಬೀಗ ಜಡಿದ. ಹುಡುಗಿಯರು ಒಂದೆರಡು ಸಲ ಬಂದು ಬೀಗ ನೋಡಿ ವಾಪಸು ಹೋದರು. ಮೇಡಂ ಕೇಳಲು ಹೋದಾಗ, "ಜನ ಹೆದರಿಕೊಂಡವರೆ ಮೇಡಂ, ನೀವು ಮಾಡಿದ ಕೆಲಸಕ್ಕೆ," ಅಂದನಂತೆ. ನೀವು ಮಾಡಿದ ಕೆಲಸಕ್ಕೆ! ಅವತ್ತು ಸಂಜೆ ಅವರು ನಮ್ಮ ಜಗುಲಿಯಲ್ಲಿ ಕೂತು ಕಾಫಿ ಕುಡಿದರು, ಹಾಲಿನವನು ಎದುರಿಗೇ ಹಾದುಹೋದರೂ ಬೈಯಲಿಲ್ಲ. ಆ ಗಂಟಲು ಅಲ್ಲಿಗೆ ನಿಂತಿತು. ಆಮೇಲೆ ಚಿಕ್ಕನಾಯಕನಹಳ್ಳಿಯ ತಂಗಿ ಮನೆಗೆ ಹೋದರು, ಅಲ್ಲೇ ತೀರಿಕೊಂಡರು.

ಅದೇ ಕಲ್ಯಾಣ ಮಂಟಪದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅಧ್ಯಕ್ಷನೇ ಮೈಕು ಹಿಡಿದಿದ್ದ. ಹೊಗಳಿದ, ಕಣ್ಣು ಒರೆಸಿಕೊಂಡ. ಕೊನೆಗೆ, "ಮೇಡಂ ಕೈಯಿಂದ ಒಂದು ದೊಡ್ಡ ತಪ್ಪಾಯ್ತು, ಎಲ್ಲರಿಗೂ ಗೊತ್ತಿದೆ. ನಾವ್ಯಾರೂ ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ. ಅವರನ್ನ ಕ್ಷಮಿಸಿದ್ದೀವಿ," ಅಂದ. ಕೆಲವರು ಚಪ್ಪಾಳೆ ತಟ್ಟಿದರು.

ನಾನು ಎದ್ದೆ. ಉಳಿಸಬೇಕಾದ ಕ್ಲಬ್ಬೇ ಇಲ್ಲ, ಇನ್ಯಾರಿಗೋಸ್ಕರ ಬಾಯಿ ಮುಚ್ಚಿಕೊಂಡಿರಬೇಕು? "ಹಾರಿಸ್ಬೇಡಿ ಅಂತ ಮೇಡಂ ಹೇಳಿದ್ದನ್ನ ತಗೊಂಡು ಹೋಗಿ ನಿಲ್ಲಿಸಿದ್ದು ಯಾರು? ನೀನಲ್ವಾ? ಹೇಳು!" ಅಂತ ಕೂಗಿದೆ. ಸಭೆ ತಿರುಗಿತು. ಅವನು ಸಿಟ್ಟಾಗಲೇ ಇಲ್ಲ. "ಪಾಪ, ಮೇಡಂ ಅಂದ್ರೆ ಈಯಮ್ಮಂಗೆ ಪ್ರಾಣ. ದುಃಖದಲ್ಲಿ ಏನೋ ಆಡ್ತಾವ್ರೆ. ಎಲ್ಲರೂ ಎದ್ದು ನಿಂತ್ಕೊಳಿ, ಮೇಡಂ ಆತ್ಮಕ್ಕೆ ಎರಡು ನಿಮಿಷ ಮೌನ ಆಚರಿಸಾಣ," ಅಂದ.

ಎಲ್ಲರೂ ನಿಂತರು, ತಲೆ ತಗ್ಗಿಸಿದರು. ಮೇಡಂಗಾಗಿ ನಿಂತಿದ್ದ ಆ ಜನರ ನಡುವೆ ನಾನು ಹೇಗೆ ಮಾತಾಡಲಿ... ತುಟಿ ಕಚ್ಚಿಕೊಂಡು ನಾನೂ ನಿಂತೆ. ಅದು ಮುಗಿಯುವಷ್ಟರಲ್ಲಿ ಬಾಗಿಲ ಬಳಿ ಕಾಫಿ ಕೊಡಲು ಶುರುಮಾಡಿದ್ದರು, ಜನ ಆ ಕಡೆ ಹೊರಟರು.

ಈಗ ಎದುರು ಮನೆಯಲ್ಲಿ ಬಾಡಿಗೆಯವರಿದ್ದಾರೆ. ಒಳ್ಳೆಯವರೇ. ಹೋದ ವಾರ ಆ ಮನೆಯಾಕೆ ರವಿಕೆ ಹೊಲಿಸಲು ಬಂದಿದ್ದಳು. ಅಳತೆ ಕೊಡುತ್ತಾ, "ನಮಗಿಂತ ಮುಂಚೆ ಈ ಮನೇಲಿ ಇದ್ರಂತಲ್ಲ, ರಾಕೆಟ್ ಬಿಟ್ಟು ಯಾರದೋ ಹೆಗಲು ಮುರಿದ ಮೇಡಂ, ನಿಮಗೆ ಗೊತ್ತಾ?" ಅಂತ ಕೇಳಿದಳು.