ಗಿರಣಿ ನಿಂತರೂ ಏಳದ ಮಗು

ಗಿರಣಿಯ ಸದ್ದು ನಮ್ಮ ಬೀದಿಯಲ್ಲಿ ಮೊದಲು ಕಾಲಿಗೆ ತಿಳಿಯುತ್ತದೆ, ಆಮೇಲೆ ಕಿವಿಗೆ. ನೆಲ ಸಣ್ಣಗೆ ನಡುಗುತ್ತದೆ, ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತವೆ, ಅಷ್ಟರಲ್ಲಿ ಗುಂಯ್ ಎಂಬ ನಾದ ಗೋಡೆಗಳೊಳಗಿಂದ ಹೊರಟು ಎಲ್ಲರ ಮಾತಿನ ಅಡಿಗೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಆ ಸದ್ದಿನ ಒಡತಿಯನ್ನು ಬೀದಿಯವರು ಹಿಟ್ಟಿನಮ್ಮ ಎನ್ನುತ್ತಾರೆ. ಹುಬ್ಬು, ರೆಪ್ಪೆ, ಕಿವಿಯ ಮಡಿಕೆ, ಎಲ್ಲದರ ಮೇಲೂ ಹಿಟ್ಟು. ಮುಸ್ಸಂಜೆಯಲ್ಲಿ ಅವರು ಬಾಗಿಲಿಗೆ ಬಂದು ನಿಂತರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮದುವೆಯಾಗಿ ಬಂದಾಗಿನಿಂದ ಯಂತ್ರದ ಪಕ್ಕದಲ್ಲೇ ನಿಂತು ಅವರ ಕಿವಿ ಬಹುಪಾಲು ಹೋಗಿದೆ. ಮನುಷ್ಯರ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ, ಯಂತ್ರದ ಮಾತನ್ನು ಅಂಗೈಯಿಟ್ಟು. ಮೇಲಿನ ತಗಡಿನ ಬಾಯಿಗೆ ಗೋಧಿ ಸುರಿದು ಪಕ್ಕಕ್ಕೆ ಕೈ ಒತ್ತಿ ನಿಲ್ಲುವುದನ್ನು ಅವರಿಗೆ ಕಲಿಸಿದ್ದು ಅವರ ಅತ್ತೆ. ಕಾಳು ಇಳಿಯುವಾಗ ಕಲ್ಲಿನ ನಡುಕ ದಪ್ಪ, ಬಾಯಿ ತುಂಬಿಕೊಂಡು ಮಾತಾಡಿದ ಹಾಗೆ. ಕಾಳು ಮುಗಿದರೆ ಅದೇ ನಡುಕ ತೆಳ್ಳಗಾಗಿ ಹಲ್ಲಿನೊಳಗೆ ಜುಮ್ಮೆನ್ನುತ್ತದೆ. “ಬರಿಗಲ್ಲು ತಿರುಗ್ತಿದೆ” ಎಂದು ಹಿಟ್ಟಿನಮ್ಮ ತಕ್ಷಣ ಸ್ವಿಚ್ಚು ಆರಿಸುತ್ತಾರೆ. ಕಾಳಿಲ್ಲದೆ ತಿರುಗಿದ ಕಲ್ಲು ತನ್ನನ್ನೇ ತಿನ್ನತೊಡಗುತ್ತದೆ.

ಗಿರಣಿಯ ಹಿಂದೆಯೇ ಮನೆ. ನಡುವೆ ಒಂದೇ ಗೋಡೆ. ಆ ಮನೆಯ ತೊಟ್ಟಿಲು ಯಾವ ಕಾಲದಿಂದಲೋ ಆ ಗೋಡೆಗೆ ತಾಗಿಕೊಂಡೇ ಇದೆ. ಗೋಡೆ ನಡುಗುತ್ತದೆ, ತೊಟ್ಟಿಲೂ ನಡುಗುತ್ತದೆ, ಮಗು ಮಲಗುತ್ತದೆ. ತೂಗಲು ಯಾರೂ ಬೇಕಿಲ್ಲ. ಆದರೆ ಗಿರಣಿಯವರ ನಿದ್ದೆ ಲೋಕದ ನಿದ್ದೆಗೆ ತಿರುಗುಮುರುಗು. ಸದ್ದಿನಲ್ಲಿ ಗೊರಕೆ ಹೊಡೆಯುತ್ತಾರೆ, ಸದ್ದು ನಿಂತರೆ ಬೆಚ್ಚಿ ಏಳುತ್ತಾರೆ. ಹಿಟ್ಟಿನಮ್ಮನ ಮಗ ಹಾಗೆಯೇ ಬೆಳೆದವನು, ಈಗ ಲಾರಿ ಓಡಿಸುತ್ತಾನೆ. ಎಂಜಿನ್ ಆರಿಸಿದರೆ ತನಗೆ ನಿದ್ದೆ ಬರುವುದಿಲ್ಲ ಎನ್ನುತ್ತಾನೆ. ಹಿಟ್ಟಿನಮ್ಮನ ತೀರಿಹೋದ ಅತ್ತೆಗೆ ಇನ್ನೊಂದು ಅಭ್ಯಾಸವಿತ್ತು. ಗಿರಣಿ ನಿಂತಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೆ ಹೋಗಿ ತೊಟ್ಟಿಲನ್ನು ಮುಟ್ಟಿ ಬರುತ್ತಿದ್ದರು. ತೊಟ್ಟಿಲು ಖಾಲಿಯಿದ್ದ ವರ್ಷಗಳಲ್ಲೂ. ಯಾಕೆಂದು ಯಾರೂ ಕೇಳಿರಲಿಲ್ಲ. ನೋಡಿ ನೋಡಿ ಹಿಟ್ಟಿನಮ್ಮನಿಗೂ ಅದು ರೂಢಿಯಾಗಿತ್ತು.

ಹೊಸದಾಗಿ ಹುಟ್ಟಿದ ಮೊಮ್ಮಗಳು ಆಸ್ಪತ್ರೆಯಿಂದ ಬಂದ ಮೊದಮೊದಲು ಒಂದೆರಡು ಸಲ ಅತ್ತಿದ್ದಳಂತೆ. ಆಮೇಲೆ ಅಳಲಿಲ್ಲ. ನೋಡಲು ಬಂದವರೆಲ್ಲ ಬಾಯಿ ತುಂಬ ಹೊಗಳಿದರು. ಎದುರಂಗಡಿಯ ದರ್ಜಿಯಂತೂ ಗಿರಣಿ ಬಾಗಿಲಲ್ಲೇ ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದ: “ಕೇಳದ ಅಜ್ಜಿಗೆ ಅಳದ ಮೊಮ್ಮಗಳು. ಅಳತೆ ತಗೊಂಡೇ ಹೊಲಿದ ಹಾಗಿದೆ ಬಿಡಿ.”

“ನೀನು ಹೊಲಿದಿದ್ರೆ ಒಂದು ತೋಳು ಉದ್ದ ಇರ್ತಿತ್ತು ಕಣೋ” ಎಂದು ಹಿಟ್ಟಿನಮ್ಮ ನಕ್ಕರು.

ಸೊಸೆ ಚೊಚ್ಚಲ ಬಾಣಂತಿ. ಮಗು ಮೊಲೆಗೆ ಬಾಯಿ ಹಾಕಿದರೆ ಬಿಡುತ್ತಿರಲಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದು ನೆಲ ದಾಟಿ ಬಾಗಿಲಿಗೆ ಹೋಗುವ ತನಕ ಅದೇ ಭಂಗಿಯಲ್ಲಿ ಕೂತಿರುತ್ತಿದ್ದಳು. “ಎಷ್ಟು ಕುಡೀತಾಳೆ ಅಂತೀರಿ ಅತ್ತೆ, ಹೊಟ್ಟೆಬಾಕಿ” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಗಿರಣಿ ಗುಂಯ್ ಎನ್ನುತ್ತಿತ್ತು. ಮಗು ಕಣ್ಣು ಮುಚ್ಚಿಕೊಂಡೇ ದವಡೆ ಆಡಿಸುತ್ತಿತ್ತು, ಮಲಗುತ್ತಿತ್ತು. ಹಿತ್ತಲ ತಂತಿಯ ಮೇಲೆ ಒಣಗುವ ಮಗುವಿನ ಒದ್ದೆ ಬಟ್ಟೆಚೂರುಗಳು ಕಡಿಮೆಯಾಗುತ್ತ ಬಂದವು. ಮುಖವೂ ಬೇರೆಯಾಗುತ್ತಿತ್ತು: ಕೆನ್ನೆ ಇಳಿದು ಹಣೆಯಲ್ಲಿ ನೆರಿಗೆ ಮೂಡಿ, ಮಗುವಿನೊಳಗೆ ಯಾರೋ ತುಂಬ ವಯಸ್ಸಾದವರು ಬಂದು ಕೂತು ಹೊರಗೆ ನೋಡುತ್ತಿರುವ ಹಾಗೆ. ಯಾರ ಹೋಲಿಕೆ ಎಂದು ಮನೆಯವರು ಚರ್ಚೆ ಮಾಡಿದರು. “ನನ್ನತ್ತೆಯ ಮೋರೆ” ಎಂದರು ಹಿಟ್ಟಿನಮ್ಮ. ಅಂದ ಮೇಲೆ ಅವರಿಗೇ ಯಾಕೋ ಸರಿಬರಲಿಲ್ಲ.

ಒಂದು ಮಧ್ಯಾಹ್ನ ಅರ್ಧ ಕಾಳು ಇನ್ನೂ ಮೇಲೆ ಇರುವಾಗಲೇ ಕರೆಂಟು ಹೋಯಿತು. ಬೆಲ್ಟು ಪಟಪಟ ಬಡಿದು ನಿಂತಿತು. ಬೀದಿಯ ಮೈಮೇಲಿನ ಹೊದಿಕೆಯನ್ನು ಯಾರೋ ಎಳೆದುಕೊಂಡ ಹಾಗಾಯಿತು. ದರ್ಜಿಯ ಕತ್ತರಿ ಬಟ್ಟೆಯ ನಡುವೆ ತಡೆಯಿತು. ಹೊಸ್ತಿಲ ಮೇಲಿನ ಬೆಕ್ಕು ಕಣ್ಣು ತೆರೆಯಿತು. ಒಳಗೆ ಮಂಪರಿನಲ್ಲಿದ್ದ ಸೊಸೆ ಎದ್ದು ಕೂತಳು. ಹಿಟ್ಟಿನಮ್ಮ ಎಂದಿನಂತೆ ಒಳಗೆ ಹೋಗಿ ತೊಟ್ಟಿಲಿಗೆ ಬಗ್ಗಿದರು.

ಮಗು ಮಲಗಿಯೇ ಇತ್ತು.

“ಎದ್ದಿಲ್ವಾ ಇವಳು?”

“ಮಲಗ್ಲಿ ಬಿಡಿ ಅತ್ತೆ. ಈಗ ತಾನೇ ಕುಡಿದಿದ್ದಾಳೆ.”

ಈ ಮನೆಯಲ್ಲಿ ಗಿರಣಿ ನಿಂತ ಮೇಲೂ ಮಲಗಿರುವ ಮಗುವನ್ನು ಹಿಟ್ಟಿನಮ್ಮ ನೋಡಿರಲಿಲ್ಲ. ನಿನ್ನೆಯವರೆಗೂ ಇವಳೂ ಸದ್ದು ನಿಂತೊಡನೆ ಕಣ್ಣಾದರೂ ಬಿಡುತ್ತಿದ್ದಳು. ಏಳುತ್ತದೇನೋ ಎಂದು ಕಾಯುತ್ತ ಗೋಡೆಗೆ ಕೈ ಊರಿದರು. ಗೋಡೆ ನಡುಗುತ್ತಿತ್ತು. ದಪ್ಪ ನಡುಕವಲ್ಲ, ತೆಳ್ಳಗಿನದು, ಹಲ್ಲಿಗೆ ತಾಗುವಂಥದು. ಯಂತ್ರ ಇನ್ನೂ ಓಡುತ್ತಿದೆಯೇನೋ ಎಂದು ಆಚೆ ಹೋಗಿ ಕೈಯಿಟ್ಟು ನೋಡಿದರು. ಕಲ್ಲು ಬೆಚ್ಚಗಿತ್ತು, ಅಲುಗದೆ ನಿಂತಿತ್ತು. ಬೆಲ್ಟು ಜೋತುಬಿದ್ದಿತ್ತು. ಮತ್ತೆ ಒಳಗೆ ಬಂದು ಗೋಡೆ ಮುಟ್ಟಿದರು. ನಡುಕ ಇತ್ತು. ತೊಟ್ಟಿಲ ಪಟ್ಟಿ ಮುಟ್ಟಿದರು. ಅಲ್ಲೂ ಇತ್ತು. ಹಿಟ್ಟಿನ ಕೆಳಗೆ ತೋಳಿನ ಕೂದಲು ಎದ್ದು ನಿಂತವು.

“ಇಲ್ಲಿ ಕೈ ಇಡು.”

ಸೊಸೆ ಇಟ್ಟಳು. “ನನಗೇನೂ ಗೊತ್ತಾಗ್ತಿಲ್ಲ.”

ಹಿಟ್ಟಿನಮ್ಮ ಮಗುವನ್ನು ಎತ್ತಿದರು. ತುಂಬಿದೆ ಎಂದುಕೊಂಡು ಖಾಲಿ ಡಬ್ಬ ಎತ್ತಿದಾಗ ಕೈ ಬೇಕಾದ್ದಕ್ಕಿಂತ ಮೇಲೆ ಹೋಗಿಬಿಡುತ್ತದಲ್ಲ, ಹಾಗೆ ಹೋಯಿತು. ಮಗು ಆಗಲೂ ಕಣ್ಣು ಬಿಡಲಿಲ್ಲ.

“ಮೊಲೆಗೆ ಹಾಕ್ಕೋ, ನೋಡೋಣ.”

“ಈಗ ತಾನೇ...”

“ಹಾಕ್ಕೋ ಅಂದೆ.”

ಮಗು ಬಾಯಿ ಹಾಕಿತು. ಹಿಟ್ಟಿನಮ್ಮ ಅದರ ಗದ್ದದ ಕೆಳಗೆ ಒಂದು ಬೆರಳಿಟ್ಟರು. ದವಡೆ ಆಡುತ್ತಿತ್ತು. ಗಂಟಲು ಆಡುತ್ತಿರಲಿಲ್ಲ.

“ನುಂಗ್ತಿಲ್ಲ ಕಣೆ. ಬರಿಗಲ್ಲು ತಿರುಗ್ತಿದೆ.”

ಸೊಸೆ ಮುಖ ಆಚೆ ತಿರುಗಿಸಿ ಏನೋ ಅಂದಳು. ತುಟಿ ಕಾಣಲಿಲ್ಲ.

“ಏನಂದೆ?”

ಅವಳು ಈಚೆ ತಿರುಗಿದಳು, ಕಣ್ಣು ತುಂಬಿತ್ತು. “ನನ್ನಲ್ಲಿ ಹಾಲಿಲ್ಲ ಅಂತೀರಾ ಅಂದೆ. ನಿಮಗೆ ಕಿವಿನೇ ಕೇಳಲ್ಲ. ಇವಳು ಕುಡಿಯೋದು ಬಿಡೋದು ನಿಮಗೇನು ಗೊತ್ತು?”

“ನನಗೆ ಕೇಳಲ್ಲ, ಸರಿ” ಎಂದರು ಹಿಟ್ಟಿನಮ್ಮ. “ನಿನಗೆ ಕೇಳತ್ತಲ್ಲ. ಗಿರಣಿನೂ ನಿಂತಿದೆ. ನೀನೇ ಕೇಳು.”

ಸೊಸೆ ತಲೆ ತಗ್ಗಿಸಿ ಕೇಳಿದಳು. ಅಷ್ಟು ದಿನವೂ ಅವಳು ಹಾಲೂಡಿಸಿದ್ದು ಹಗಲು ಗಿರಣಿಯ ಸದ್ದಿನಲ್ಲಿ, ರಾತ್ರಿ ಅರೆನಿದ್ದೆಯಲ್ಲಿ. ಈಗ ಕೇಳಿಸಿದ್ದು ನಾಲಿಗೆಯ ಸಣ್ಣ ಟಿಕ್ ಟಿಕ್, ಬಾಗಿಲು ಮುಚ್ಚಿದ ಕೋಣೆಯಲ್ಲಿನ ಗಡಿಯಾರದ ಹಾಗೆ. ಗುಟುಕಿನ ಸದ್ದಿಗಾಗಿ ಕಾದಳು. ಬರಲಿಲ್ಲ. ತುಟಿ ಕಾಣುವಂತೆ ಮುಖ ಎತ್ತಿದಳು. “ಬೆಳಿಗ್ಗೆಯಿಂದ ಬಟ್ಟೆ ಬದಲಾಯಿಸಿಲ್ಲ ಅತ್ತೆ. ಒದ್ದೆನೇ ಆಗಿಲ್ಲ.”

ಹಿಟ್ಟಿನಮ್ಮ ಮೈಯ ಹಿಟ್ಟನ್ನೂ ಕೊಡವದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಸುಡುಬಿಸಿಲಲ್ಲಿ ಆ ಬಿಳಿಯ ಆಕೃತಿ, ಹಿಂದೆ ಚಪ್ಪಲಿಯಿಲ್ಲದ ಸೊಸೆ. ಬೀದಿ ಬಾಗಿಲುಗಳಿಗೆ ಬಂದು ನೋಡುತ್ತಿತ್ತು. ದರ್ಜಿ ಕತ್ತರಿ ಕೆಳಗಿಟ್ಟು ಎದ್ದು ನಿಂತ.

ಆಸ್ಪತ್ರೆಯ ನರ್ಸು ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಮುಳ್ಳು ಹುಟ್ಟಿದ ದಿನದ ತೂಕಕ್ಕಿಂತ ಕೆಳಗೇ ನಿಂತಿತು. ಅವಳು ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟಳು. ಅದು ಕೂಡಿಕೊಳ್ಳಲು ಹೊತ್ತು ತೆಗೆದುಕೊಂಡಿತು. ವೈದ್ಯರು ಬಂದರು, ಮಗುವನ್ನು ಅಲ್ಲೇ ಇರಿಸಿಕೊಂಡರು.

“ಹಾಲಿದೆಯಮ್ಮ ನಿನಗೆ” ಎಂದಳು ನರ್ಸು, ಸೊಸೆಯ ಎದೆ ಮುಟ್ಟಿ ನೋಡಿ. “ಇವಳು ತೊಟ್ಟಿನ ತುದಿ ಮಾತ್ರ ಹಿಡೀತಿದ್ದಾಳೆ. ಎಳೆದು ಎಳೆದು ಸುಸ್ತಾಗಿ ಮಲಗ್ತಾಳೆ.”

“ಒಂದು ಸಲನಾದ್ರೂ ಅಳಬಾರದಾ ಇವಳು?” ಎಂದಳು ಸೊಸೆ.

“ಹಸಿದ ಮಗು ಅಳತ್ತೆ. ತುಂಬಾ ಹಸಿದ ಮಗು ಮಲಗತ್ತೆ. ಅಳೋದಕ್ಕೂ ಮೈಯಲ್ಲಿ ಏನಾದ್ರೂ ಇರಬೇಕಲ್ಲ.”

ನರ್ಸು ಮಗುವಿನ ಬಟ್ಟೆ ಸಡಿಲಿಸಿ, ಅಂಗಾಲು ಉಜ್ಜಿ ಎಚ್ಚರಿಸುವುದನ್ನು ತೋರಿಸಿಕೊಟ್ಟಳು. ಬಾಯಿ ಅಗಲವಾಗಿ ತೆರೆದಾಗ ಎದೆಗೆ ಒತ್ತಿ ಹಿಡಿಯುವುದನ್ನೂ, ಸಾಲದ್ದನ್ನು ಹಿಂಡಿ ಚಮಚದಲ್ಲಿ ಕೊಡುವುದನ್ನೂ. ಹಿಟ್ಟಿನಮ್ಮ ಅವಳ ತುಟಿಗಳನ್ನು ಕಣ್ಣು ಮಿಟುಕಿಸದೆ ನೋಡಿದರು.

ಮನೆಗೆ ಬಂದ ಮೇಲೂ ಗಿರಣಿ ತೆರೆಯಲಿಲ್ಲ. ತೊಟ್ಟಿಲನ್ನು ಗೋಡೆಯಿಂದ ದೂರ, ಬೀದಿಯ ಕಿಟಕಿಯ ಬಳಿಗೆ ತಂದರು. ಸದ್ದಿಲ್ಲದ ಬೀದಿಯಲ್ಲಿ ನಾವೆಲ್ಲ ಪಿಸುಗುಟ್ಟತೊಡಗಿದೆವು. ಲೋಟದ ನೀರು ಗಾಜಿನಂತೆ ಕೂತಿರುತ್ತಿತ್ತು. ಒಳಗೆ ಸೊಸೆ ಮಗುವನ್ನು ಎಚ್ಚರಿಸುವಳು, ಹಿಟ್ಟಿನಮ್ಮ ಗದ್ದದ ಕೆಳಗೆ ಬೆರಳಿಟ್ಟು ಕೂರುವರು. ಸಿಕ್ಕಿದ ಗುಟುಕಿಗೆ ಒಮ್ಮೆ ತಲೆಯಾಡಿಸುವರು, ಅಷ್ಟೇ. ತಂತಿಯ ಮೇಲೆ ಬಟ್ಟೆಚೂರುಗಳು ಒಂದೊಂದಾಗಿ ಹೆಚ್ಚಿದವು. ಮುಖದೊಳಗೆ ಕೂತಿದ್ದ ಮುದುಕಿ ಎದ್ದು ಹೋದಳು. ಒಂದು ಬೆಳಿಗ್ಗೆ ಮಗು ಅತ್ತಿತು, ಬೀದಿಯ ಈ ತುದಿಗೆ ಕೇಳಿಸುವಷ್ಟು ಒರಟಾಗಿ. ದರ್ಜಿ ಅಂಗಡಿಯಿಂದ ಓಡಿ ಬಂದು ಎರಡೂ ಕೈಯಿಂದ ಬಾಯಿ ತೋರಿಸಿ ಹಿಟ್ಟಿನಮ್ಮನಿಗೆ ತಿಳಿಸಿದ. ಅವರು ಆಗಲೇ ತೊಟ್ಟಿಲ ಪಕ್ಕದ ಕಿಟಕಿಯ ಚೌಕಟ್ಟಿಗೆ ಅಂಗೈ ಒತ್ತಿ ನಿಂತಿದ್ದರು.

ಗಿರಣಿ ಮತ್ತೆ ಶುರುವಾಯಿತು. ಮೊನ್ನೆ ದರ್ಜಿಯ ಗೋಧಿ ಬೀಸಿ, ಸ್ವಿಚ್ಚು ಆರಿಸಿ, ಚೀಲದ ಬಾಯಿ ಕಟ್ಟುತ್ತಿರುವಾಗ ಅವನು ಕೇಳಿದ: “ಅಲ್ಲ ಅಮ್ಮ, ಅವತ್ತು ಕರೆಂಟೇ ಇರಲಿಲ್ಲ. ಗೋಡೆ ಹ್ಯಾಗೆ ನಡುಗ್ತು?”

“ಮಗುದು ಅಂದ್ಕೊಂಡಿದ್ದೆ ಕಣಪ್ಪ. ಆದ್ರೆ ಇವಳು ಆಸ್ಪತ್ರೆಲಿ ಇದ್ದಾಗ ಬಟ್ಟೆ ತಗೊಂಡು ಹೋಗಕ್ಕೆ ಬಂದೆ. ತೊಟ್ಟಿಲು ಖಾಲಿ. ಮುಟ್ಟಿದೆ. ಆಗಲೂ ಇತ್ತು.” ಹಿಟ್ಟಿನಮ್ಮ ಒಂದು ಕೈಯಲ್ಲಿ ದಾರ ಹಿಡಿದು, ಇನ್ನೊಂದನ್ನು ಗೋಡೆಗೆ ಊರಿದರು. “ನಮ್ಮತ್ತೆ ಗಿರಣಿ ನಿಂತಾಗೆಲ್ಲ ಯಾಕೆ ಒಳಗೆ ಹೋಗ್ತಿದ್ರು ಅಂತ ನಾನು ಕೇಳ್ಲೇ ಇಲ್ಲ ನೋಡು. ಈಗ ಅನ್ಸತ್ತೆ, ನನ್ನ ಮಗನಿಗಿಂತ ಮುಂಚೆ, ನನ್ನ ಗಂಡನಿಗೂ ಮುಂಚೆ ಆ ತೊಟ್ಟಿಲಲ್ಲಿ ಯಾವುದೋ ಒಂದು ಮಗು ಹೀಗೇ ಅಳದೆ...”

ಅಂಗೈ ಗೋಡೆಯ ಮೇಲೆ ತಡೆಯಿತು, ಮತ್ತೆ ಅದೇ ತೆಳ್ಳಗಿನ ನಡುಕ. ಚೀಲದ ದಾರ ಅರ್ಧ ಕಟ್ಟಿದ್ದು ಹಾಗೇ ಬಿಟ್ಟು, ಸೆರಗು ಕೊಡವುತ್ತ ಅವರು ಒಳಗೆ ನಡೆದರು.