ಕುಡಿಯದೆ ಇಟ್ಟ ಕಾಫಿ

ಕೆರಕ್ ಊರಿನ ವಾಹನ ಪರವಾನಗಿ ಕಚೇರಿಗೆ ಅತಾಲ್ಲಾ ಮುಖ್ಯಸ್ಥನಾಗಿ ಬಂದಾಗ, ಅಲ್ಲಿ ಮುಖ ನೋಡಿ ಮಣೆ ಹಾಕುವುದೇ ಪದ್ಧತಿ. ದೊಡ್ಡವರ ಪರಿಚಯವಿದ್ದವನಿಗೆ ಒಂದೇ ಫೋನಿಗೆ ಲೈಸೆನ್ಸು. ಇಲ್ಲದವನು ಚಪ್ಪಲಿ ಸವೆಸಬೇಕು. ಅತಾಲ್ಲಾ ಭಾಷಣವೇನೂ ಬಿಗಿಯಲಿಲ್ಲ. ಯಾರ ಪರೀಕ್ಷೆಗೆ ಯಾವ ಅಧಿಕಾರಿ ಎಂಬುದನ್ನು ದಿನಾ ಬೆಳಿಗ್ಗೆ ಅಂಗಳದಲ್ಲಿ, ಬಂದವರ ಕಣ್ಣೆದುರೇ ಚೀಟಿ ಎತ್ತಿಸಿ ತೀರ್ಮಾನಿಸತೊಡಗಿದ. ಇನ್ನು ಯಾರಿಗೆ ಫೋನು ಮಾಡುವುದೆಂದು ತಿಳಿಯದೆ ಊರ ದೊಡ್ಡವರು ಕೈ ಕೈ ಹಿಸುಕಿಕೊಂಡರು.

ಅವರಲ್ಲಿ ಅವನ ದೊಡ್ಡಪ್ಪ ಮುತ್ಲಕ್ ಕೂಡ ಒಬ್ಬ. ಕುಲಕ್ಕೇ ಹಿರಿಯ. ಮೊಮ್ಮಗ ಪರೀಕ್ಷೆಯಲ್ಲಿ ಫೇಲಾದದ್ದೇ ತಡ, ನೆಟ್ಟಗೆ ಅತಾಲ್ಲಾನ ಮನೆಗೆ ಬಂದ. ಕೊಟ್ಟ ಕಾಫಿಯನ್ನು ಕುಡಿಯದೆ ಮುಂದಿಟ್ಟುಕೊಂಡ. ಏನಾದರೂ ಕೇಳಲು ಬಂದವನು ಮನೆಯವರಿಂದ 'ಆಗಲಿ' ಅನ್ನಿಸಿಕೊಳ್ಳುವವರೆಗೆ ಕಾಫಿ ಮುಟ್ಟದಿರುವುದು ಅಲ್ಲಿಯ ರೂಢಿ. ಮುಟ್ಟದೆ ಎದ್ದು ಹೋದರೆ ಆ ಮನೆಯ ಮಾನ ಹೋಯಿತೆಂದೇ ಲೆಕ್ಕ.

"ನಿನ್ನ ಚೀಟಿ ಆಟ ಹೊರಗಿನವರಿಗೆ ಇಟ್ಕೊ. ಹುಡುಗನ್ನ ಪಾಸು ಮಾಡ್ಸು."

"ರಿವರ್ಸ್ ಹೊಡೆಯೋದು ಕಲಿತು ಬರಲಿ ದೊಡ್ಡಪ್ಪ. ಗೇಟಿಗೇ ಗುದ್ದಿದಾನೆ."

"ಗೇಟು ನಾನೇ ರಿಪೇರಿ ಮಾಡಿಸ್ತೀನಿ ಕಣೋ. ಶುಕ್ರವಾರ ನಿನ್ನ ಮಗನಿಗೆ ಹೆಣ್ಣು ಕೇಳೋಕೆ ಮುಂದೆ ನಿಲ್ಲೋನು ಯಾರು? ನಾನು ತಾನೆ?"

ಹಿರಿಯರಿಲ್ಲದೆ ಹೆಣ್ಣು ಕೇಳಲು ಹೋದವರಿಗೆ ಯಾರು ಹೆಣ್ಣು ಕೊಡುತ್ತಾರೆ? ಮಗ ರಾಮಿಜ್ ಆ ಹುಡುಗಿಯ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ದೊಡ್ಡಪ್ಪ" ಎಂದ.

ಮುತ್ಲಕ್ ಎದ್ದು ಹೊರಟೇಬಿಟ್ಟ.

"ನಿಮ್ಮ ನ್ಯಾಯಕ್ಕೆ ನನ್ನ ಮಗನೇ ಬೇಕಾಗಿತ್ತಾ?" ಹೆಂಡತಿ ಆರಿದ ಕಾಫಿ ಚೆಲ್ಲುತ್ತಾ ಕಣ್ಣೊರೆಸಿಕೊಂಡಳು.

ಶುಕ್ರವಾರ ಕುಲದವರೊಬ್ಬರೂ ತಲೆ ಹಾಕಲಿಲ್ಲ. ಮಗನನ್ನೂ ಹೆಂಡತಿಯ ತಮ್ಮನನ್ನೂ ಕರೆದುಕೊಂಡು ಅತಾಲ್ಲಾ ಹುಡುಗಿಯ ಮನೆಗೆ ಹೋದ. ಈ ಸಲ ಕಾಫಿಯನ್ನು ಮುಂದಿಟ್ಟುಕೊಂಡು ಕೂರುವ ಸರದಿ ಅವನದು.

"ಹಿರಿಯರು ಕಾಣ್ತಿಲ್ಲ?" ಹುಡುಗಿಯ ಅಪ್ಪ ಖಲಫ್ ಕೇಳಿದ. ಹಿಟ್ಟಿನ ಗಿರಣಿಯವನು, ನಗು ಕಮ್ಮಿ.

ಅತಾಲ್ಲಾ ಇದ್ದದ್ದನ್ನು ಇದ್ದಂತೆ ಹೇಳಿದ.

"ಅಂದ್ರೆ ದೊಡ್ಡಪ್ಪನ ಮೊಮ್ಮಗನೂ ಫೇಲಾ?"

"ಹೌದು."

ಖಲಫ್ ಅವನ ಮುಖ ನೋಡಿ ಹೇಳಿದ: "ನನ್ನ ಮಗಳೂ ನಿಮ್ಮ ಕಚೇರೀಲೇ ಫೇಲಾಗಿ ಬಂದ್ಳು. ನಮಗೆ ಹೇಳೋರು ಕೇಳೋರು ಇಲ್ಲ, ಅದಕ್ಕೇ ಹೀಗ್ಮಾಡಿದ್ರು ಅಂತ ಅವತ್ತಿಂದ ನಿಮ್ಮನ್ನ ಬೈತಾನೇ ಇದೀನಿ. ಇವತ್ತು ಆಗಲ್ಲ ಅನ್ನಬೇಕು ಅಂತಲೇ ಕೂತಿದ್ದೆ."

"ಅಪ್ಪಾ, ನಾನೂ ಗೇಟಿಗೇ ಗುದ್ದಿದ್ದು" ಒಳಗಿನಿಂದ ಮಗಳು ಹನೀನಳ ದನಿ ಬಂತು.

ಖಲಫ್ ಬಟ್ಟಲನ್ನು ಅತಾಲ್ಲಾನ ಕಡೆಗೆ ಸರಿಸಿದ.

"ಆರ್ತಾ ಇದೆ. ಕಾಫಿ ಕುಡೀರಿ ಬೀಗರೇ."