ಹಬೆ ಬರುವ ತನಕ ಗೊಣಗಾಟ

ನನ್ನ ದೊಡ್ಡಮ್ಮ ನಗುವುದೇ ಇಲ್ಲ ಅಂತಲ್ಲ, ನಗು ಅಂದಾಗ ನಗುವುದಿಲ್ಲ, ಅಷ್ಟೇ. ಹೋಟೆಲಿನ ಬೆಡ್‌ಶೀಟು, ಆಸ್ಪತ್ರೆಯ ಕೋಟು ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿಗೆ ಅವಳೇ ಹಿರಿಯಳು. ಕಾಲೇಜಿನ ರಜೆಯಲ್ಲಿ ಬಟ್ಟೆ ಮಡಚಲು ನಾನೂ ಅಲ್ಲಿ ಸೇರಿಕೊಂಡೆ, ಮೊದಲ ದಿನವೇ ಆ ಜಾಗಕ್ಕೆ ಮರುಳಾಗಿಬಿಟ್ಟೆ!

ಯಾಕೆಂದರೆ ಅಲ್ಲೊಂದು ಪದ್ಧತಿ. ಬೆಳಿಗ್ಗೆ ಬಾಯ್ಲರ್ ಹಚ್ಚಿದರೆ ಇಸ್ತ್ರಿಪೆಟ್ಟಿಗೆಗಳಿಗೆ ಹಬೆ ಬರುವ ತನಕ ಕೈ ಖಾಲಿ. ಆಗ ಎಲ್ಲರೂ ಮೇಜಿನ ಸುತ್ತ ನಿಂತು ಸರದಿಯ ಮೇಲೆ ಗೊಣಗುತ್ತಾರೆ. ಗಂಡ, ಮಂಡಿನೋವು, ಮಹಡಿ ಮನೆಯವರ ನಾಯಿ, ಏನು ಬೇಕಾದರೂ. ಕೇಳುವವರು "ಅಯ್ಯೋ, ಹಾಳಾದ್ದು!" ಅನ್ನಬೇಕು. ಬುದ್ಧಿ ಮಾತ್ರ ಹೇಳುವಂತಿಲ್ಲ. ಹೇಳಿದವರಿಗೆ ಅವತ್ತಿನ ನೆರಿಗೆ ಪರದೆಗಳೆಲ್ಲ ಗಂಟು ಬೀಳುತ್ತವೆ. ನಾನು ಬಾಯಿ ತಪ್ಪಿ "ವಾಕಿಂಗ್ ಮಾಡಿ ನೋಡಿ" ಅಂದವಳು ಸಂಜೆಯವರೆಗೆ ನೆರಿಗೆ ತೀಡಿದೆ.

ಆಮೇಲೆ ಹೊಸ ಮ್ಯಾನೇಜರ್ ಮೇಡಂ ಬಂದರು. ಒಳ್ಳೆಯವರೇ, ಪಾಪ, ಆದರೆ ಫೋನಿನ ತುಂಬ ಪಾಡ್‌ಕಾಸ್ಟ್. ಬಾಯ್ಲರ್ ಹಚ್ಚಿದ್ದೇ ತಡ, ಗೋಡೆಯ ಸ್ಪೀಕರಿನಿಂದ ಜೇನು ಸವರಿದಂಥ ಗಂಡಸಿನ ದನಿ: "ಸಂತೋಷ ನಿಮ್ಮ ಕೈಯಲ್ಲೇ ಇದೆ. ಕಣ್ಣು ಮುಚ್ಚಿ, ನಸುನಗಿ..." ಮನೆಯಲ್ಲಿ ನಾನೂ ಅಂಥದ್ದನ್ನೇ ಕೇಳುವವಳು. ಆದರೂ ಆ ಮೇಜಿನ ಹತ್ತಿರ ಅದು ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು.

ದೊಡ್ಡಮ್ಮ ಸೀದಾ ಹೋಗಿ ಸ್ಪೀಕರಿನ ಪ್ಲಗ್ ಕಿತ್ತಳು.

"ಏನ್ರೀ ಇದು?" ಅಂದರು ಮೇಡಂ.

"ಅವನ್ಯಾರು ಮೇಡಂ? ಅವನಿಗೆ ಮಂಡಿ ಇದ್ಯಾ?"

"ನಿಮ್ಮ ಒಳ್ಳೇದಕ್ಕೇ ಹಾಕ್ತಿರೋದು. ಬೆಳಿಗ್ಗೆ ಬೆಳಿಗ್ಗೆ ಬರೀ ಗೊಣಗ್ತಿದ್ರೆ ಮನಸ್ಸು ಕೊಳೆಯಾಗತ್ತೆ."

"ನನ್ನ ಮನಸ್ಸು ತಾನೆ? ಕೊಳೆಯಾದ್ರೆ ನಾನೇ ಒಗ್ಕೋತೀನಿ ಬಿಡಿ. ಲಾಂಡ್ರೀಲೇ ಇದೀನಲ್ಲ."

ಎಲ್ಲರೂ ಕಿಸಕ್ಕೆಂದರು. ಮೇಡಂ ಮುಖ ಕೆಂಪಾಯಿತು. "ಕೇಳಕ್ಕಾಗಲ್ಲ ಅಂದ್ರೆ ಮೇಜು ಬಿಡಿ. ನಾಳೆಯಿಂದ ಕೆಳಗೆ ಒಗೆಯೋ ಕಡೆ ಹೋಗಿ."

ಕೆಳಗೆ ಅಂದರೆ ನೆಲಮಾಳಿಗೆ. ಸದಾ ಒದ್ದೆ ನೆಲ, ಸೋಪಿನ ಘಾಟು, ಕಡಿದಾದ ಮೆಟ್ಟಿಲು. ದೊಡ್ಡಮ್ಮ ಅಲ್ಲೇ ವರ್ಷಗಟ್ಟಲೆ ಬಗ್ಗಿ ಬಗ್ಗಿ, ಕೊನೆಗೆ ಕಿಟಕಿ ಪಕ್ಕದ ಈ ಮೇಜು ಗಳಿಸಿದವಳು. ಒಂದೇ ಒಂದು ಸಲ "ಆಯ್ತು ಮೇಡಂ" ಅಂದಿದ್ದರೆ ಅದು ಉಳಿಯುತ್ತಿತ್ತು! ನಾನು ಅವಳ ತೋಳು ಜಗ್ಗಿದೆ.

"ದೊಡ್ಡಮ್ಮಾ, ಸುಮ್ನೆ ಕಣ್ಮುಚ್ಚಿ ನಿಂತ್ಕೊ. ಕೇಳ್ಬೇಡ, ಕೇಳ್ದಂಗೆ ಮಾಡು."

"ಅದನ್ನ ಮನೇಲಿ ನಿಮ್ಮ ದೊಡ್ಡಪ್ಪನ ಮುಂದೆ ಮಾಡ್ತೀನಲ್ಲ, ಸಾಕು ಕಣೇ."

ಮರುದಿನ ಅವಳು ಕೆಳಗೆ, ನಾವು ಮೇಲೆ. ಸ್ಪೀಕರ್ ಶುರುವಾಯಿತು. ಕಿತ್ತ ಗುಂಡಿ ಹೊಲಿಯುವವಳನ್ನು ಎಲ್ಲರೂ ಗುಂಡಕ್ಕ ಅನ್ನುತ್ತಾರೆ. ಅವಳು "ಸೋಪು ತರ್ತೀನಿ" ಅಂತ ಮೆಲ್ಲಗೆ ಇಳಿದಳು. ಗುಂಡಿ ಹೊಲಿಯುವವಳಿಗೆ ಸೋಪು ಯಾಕೆ? ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ನಾನಂತೂ ನೆವ ಕೂಡ ಹೇಳದೆ ಓಡಿದೆ! ಕೆಳಗೆ ದೊಡ್ಡಮ್ಮ ಬೆಡ್‌ಶೀಟಿನ ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಬಂದ್ರೇನ್ರೇ? ಯಾರ ಸರದಿ?"

ಮೊದಮೊದಲು ಹಬೆ ಬಂದೊಡನೆ ಹತ್ತಿ ಹೋಗುತ್ತಿದ್ದೆವು. ಬರಬರುತ್ತ ಮಾತು ಮುಗಿಯದೆ ಏಳುವುದು ತಡವಾಯಿತು. ಮೇಲೆ ಆ ದನಿ ಖಾಲಿ ಮೇಜುಗಳಿಗೆ ನಸುನಗಲು ಹೇಳುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ, ಹೋಟೆಲಿನ ವ್ಯಾನು ಬಾಗಿಲಲ್ಲಿ ಕಾಯುತ್ತಿರುವಾಗ, ಮೇಡಂ ತಾವೇ ಏದುಸಿರು ಬಿಡುತ್ತ ಇಳಿದು ಬಂದರು.

"ಸ್ಪೀಕರ್ ತೆಗೆಸಿದೀನಿ. ನಿಮ್ಮ ಮೇಜು ನಿಮಗೇ. ಎಲ್ರೂ ಮೇಲೆ ಬನ್ನಿ, ಬೇಗ."

ನಾವೆಲ್ಲ ದಡಬಡ ಎದ್ದೆವು. ದೊಡ್ಡಮ್ಮ ಏಳಲಿಲ್ಲ.

"ಬರ್ತೀವಿ ಮೇಡಂ. ಗುಂಡಕ್ಕನ ಮಾತು ಅರ್ಧಕ್ಕೇ ನಿಂತಿದೆ, ಮುಗೀಲಿ," ಅಂದು ಪಕ್ಕಕ್ಕೆ ಸರಿದು ಮೂಟೆಯ ಮೇಲೆ ಮೇಡಂಗೂ ಒಂದಿಷ್ಟು ಜಾಗ ಬಿಟ್ಟಳು. ಮೇಡಂ ಕೂರಲಿಲ್ಲ, ಹೋಗಲೂ ಇಲ್ಲ. ದೊಡ್ಡಮ್ಮ ಗುಂಡಕ್ಕನ ಕಡೆ ತಿರುಗಿದಳು. "ಹೂಂ, ಹೇಳೇ. ಆಮೇಲೆ ನಿಮ್ಮತ್ತೆ ಏನಂದ್ರು?"